ನಕ್ಷತ್ರ ಹಾಕಿದ ಅತ್ತೆ

ನಾನು ಮಾಡುವ ಕೆಲಸವೇನು ಎಂದು ಯಾರಾದರೂ ಕೇಳಿದರೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಮಲೇಷ್ಯಾದ ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸುತ್ತೇನೆ ಎಂದರೆ ಸಾಕು, "ಹಾಗಾದ್ರೆ ನಿಮಗೆ ಎಷ್ಟು ಭಾಷೆ ಬರುತ್ತೆ?" ಎನ್ನುತ್ತಾರೆ. ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ ನಮ್ಮ ಕನ್ನಡದವರು ಸೇರಿದ್ದ ಯುಗಾದಿ ಊಟದಲ್ಲಿ ಬೆಂಗಳೂರಿನ ಐಟಿ ಮಹಾಶಯರೊಬ್ಬರು, "ಈಗೆಲ್ಲಾ ಫೋನೇ ಟ್ರಾನ್ಸ್‌ಲೇಟ್ ಮಾಡ್ಬಿಡುತ್ತಲ್ಲ ಮೇಡಂ, ನಿಮ್ ಫೀಲ್ಡಿಗೆ ಸ್ಕೋಪ್ ಇದ್ಯಾ?" ಎಂದು ಕನಿಕರಿಸಿದರು. ನನ್ನ ಬಾಯಲ್ಲಿ ಒಬ್ಬಟ್ಟು ಇತ್ತು, ಅವರು ಬಚಾವಾದರು.

ನನ್ನ ಕೆಲಸ ಅನುವಾದವಲ್ಲ. ಈಗ ಯಾರ ಬಾಯಲ್ಲೂ ಇಲ್ಲದ, ಎಲ್ಲೂ ಬರೆದಿಡದ ಪದಗಳನ್ನು, ಅವುಗಳ ಮಕ್ಕಳು ಮೊಮ್ಮಕ್ಕಳ ಮುಖ ನೋಡಿ ಮತ್ತೆ ಕಟ್ಟುವುದು. ರಷ್ಯನ್, ಪೋಲಿಷ್, ಬಲ್ಗೇರಿಯನ್, ಸರ್ಬಿಯನ್ ಎಲ್ಲವೂ ಒಂದೇ ತಾಯಿಯ ಮಕ್ಕಳು. ಆ ತಾಯಿಯನ್ನು ಮೂಲ ಸ್ಲಾವಿಕ್ ಎನ್ನುತ್ತೇವೆ. ಅದನ್ನು ಆಡುತ್ತಿದ್ದವರು ಬರೆಯಲು ಕಲಿಯುವ ಹೊತ್ತಿಗೆ ಅದು ಆಗಲೇ ಒಡೆದು ಪಾಲಾಗತೊಡಗಿತ್ತು. ಹಾಗಾಗಿ ನಾವು ಕಟ್ಟಿದ ಪ್ರತಿ ಪದದ ಮುಂದೆಯೂ ಒಂದು ಪುಟ್ಟ ನಕ್ಷತ್ರ ಹಾಕುತ್ತೇವೆ. ಈ ರೂಪ ಎಲ್ಲೂ ಬರವಣಿಗೆಯಲ್ಲಿ ಸಿಕ್ಕಿದ್ದಲ್ಲ, ಲೆಕ್ಕಾಚಾರದಿಂದ ಹೇಳುತ್ತಿದ್ದೇವೆ ಎಂದು ಅದರ ಅರ್ಥ.

ಇಷ್ಟನ್ನೂ ಆಕಳಿಸದೆ ಕೇಳಿದವರು ನನ್ನ ಬದುಕಿನಲ್ಲಿ ಒಬ್ಬರೇ, ನನ್ನ ಅತ್ತೆ. ಉಡುಪಿಯ ಕಡೆಯವರು, ಮನೆಮಾತು ತುಳು. ಮೈಸೂರಿನವಳಾದ ನನ್ನೊಡನೆ ಮಾತ್ರ ಕನ್ನಡ. ನನ್ನ ಗಂಡ ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಡಾಕ್ಟರು. ಮಾವ ತೀರಿಕೊಂಡ ಮೇಲೆ ತಾಯಿಯನ್ನು ಇಲ್ಲಿಗೆ ಕರೆತಂದರು. ಆಮೇಲೆ ಒಂದು ಬೆಳಿಗ್ಗೆ, ಕಾಲೇಜಿಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದವರು ಹಾಗೆಯೇ ಕುಸಿದು ಹೋಗಿಬಿಟ್ಟರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಉಳಿದದ್ದು ಅತ್ತೆ ಸೊಸೆ ಇಬ್ಬರೇ.

ವರ್ಷಾಂತಿಕ ಮುಗಿದ ಮೇಲೆ ನನಗೆ ಹಗಲೂ ಇರುಳೂ ಒಂದೇ ಹೆದರಿಕೆ: ಅತ್ತೆ ಊರಿಗೆ ಹೊರಟುಬಿಡುತ್ತಾರೆ, ನಾನು ಒಂಟಿಯಾಗುತ್ತೇನೆ. ಅವರ ವೀಸಾ ಮುಗಿಯುತ್ತ ಬಂದಿತ್ತು. ಉಡುಪಿಯಲ್ಲಿರುವ ಅವರ ದೊಡ್ಡ ಮಗ, ಅಂದರೆ ನನ್ನ ಭಾವ, ಭಾನುವಾರ ಬಂತೆಂದರೆ ಫೋನ್ ಮಾಡಿ, "ಅಮ್ಮನನ್ನು ಕಳಿಸಿಬಿಡು ನೀನು. ಮಗ ಇರುವಾಗ ಸೊಸೆ ಮನೆಯಲ್ಲಿ ಎಂತಕ್ಕೆ? ಜನ ಎಂತ ಹೇಳ್ತಾರೆ?" ಎನ್ನುತ್ತಿದ್ದರು. ಕೆಟ್ಟವರಲ್ಲ ಪಾಪ, ಅವರಿಗೆ ಸರಿ ಕಂಡದ್ದು ಹೇಳುತ್ತಿದ್ದರು. ನನಗೆ ನನ್ನದೇ ಕೆಲಸದ ಮೇಲೆ ವೀಸಾ ಇತ್ತು, ಅದರಡಿ ಅತ್ತೆಯನ್ನು ಇಟ್ಟುಕೊಳ್ಳಲು ಅರ್ಜಿ ಹಾಕಬಹುದಿತ್ತು. ಆದರೆ ಅವರು ಇರುತ್ತೇನೆ ಎನ್ನಬೇಕಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿ, ಅವರು "ಹೋಗ್ತೇನೆ" ಎಂದುಬಿಟ್ಟರೆ ಆ ಮಾತನ್ನು ಹಿಂದಕ್ಕೆ ಕಳಿಸುವುದು ಹೇಗೆ?

ಆ ತಿಂಗಳುಗಳಲ್ಲಿ ನಾನು ಬರೆಯುತ್ತಿದ್ದ ಪ್ರಬಂಧ, ಹಣೆಬರಹ ನೋಡಿ, ಅತ್ತೆ ಎಂಬ ಪದದ ಮೇಲೆಯೇ. ಮೂಲ ಸ್ಲಾವಿಕ್‌ನಲ್ಲಿ ಗಂಡನ ತಾಯಿಗೆ 'ಸ್ವೆಕ್ರಿ' ಎನ್ನುತ್ತಿದ್ದರು. ಹಾಗೆ ಬರೆಯುವುದು ಅರ್ಧ ಸುಳ್ಳು. ಕೊನೆಯ ಸ್ವರ ಇಕಾರವೂ ಅಲ್ಲ, ಉಕಾರವೂ ಅಲ್ಲ. ತುಟಿ ದುಂಡಗೆ ಮಾಡದೆ ಉ ಎನ್ನಲು ಹೋದರೆ ಬರುವ ಸದ್ದು ಅದು. ಡೈನಿಂಗ್ ಟೇಬಲ್ಲಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆ ಪದವನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದೆ. ಇನ್ನೊಂದು ತುದಿಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಎಂತ ಅದು, ಬೆಕ್ಕು ಕರೆದ ಹಾಗೆ?"

"ಅತ್ತೆ ಅಂತ. ರಷ್ಯಾ ಕಡೆಯವರ ಹಳೇ ಭಾಷೇಲಿ."

ಅವರು ಒಮ್ಮೆ ಹೇಳಿದರು. ಸ್ವರ ಸರಿಯಾಗಿ ಬಂತು. ತುಳುವಿನಲ್ಲಿ ಎಷ್ಟೋ ಪದಗಳು ಅಂಥದೇ ಸ್ವರದಿಂದ ಮುಗಿಯುತ್ತವೆ, ಅವರಿಗದು ನೀರು ಕುಡಿದಷ್ಟು ಸಲೀಸು. ಎಂ.ಎ. ಕಾಲದಿಂದ ಆ ಸ್ವರದ ಜೊತೆ ಗುದ್ದಾಡಿದ ನನಗೆ ಹೊಟ್ಟೆಕಿಚ್ಚಾಯಿತು.

"ಇದನ್ನು ಯಾರು ಹೇಳ್ತಿದ್ದದ್ದು?" ಎಂದರು.

"ಹೇಳ್ತಿದ್ದವರು ಸತ್ತು ಸಾವಿರ ವರ್ಷದ ಮೇಲಾಯ್ತು. ಬರೆದಿಟ್ಟೂ ಇಲ್ಲ. ಇದು ನಾವು ಕಟ್ಟಿದ್ದು."

"ನೋಡದೆ ಕಂಡದ್ದು ಅಂತ ಹೇಳುದಾ? ಒಳ್ಳೆ ಉದ್ಯೋಗ ಮಾರಾಯ್ತಿ ನಿಂದು," ಎಂದು ಬೀನ್ಸಿಗೆ ಮರಳಿದರು.

ಆದರೆ ಅವರಿಗೆ ಕುತೂಹಲವಿತ್ತು. ಮಧ್ಯಾಹ್ನ ಊಟವಾದ ಮೇಲೆ ನನ್ನ ಎದುರು ಕೂತು, "ಮತ್ತೆ ನಿನ್ನ ರಷ್ಯಾದ ಅತ್ತೆ ಎಂತ ಮಾಡಿದಳು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಆ ಪದದ ಬೇರು ಸ್ಲಾವಿಕ್‌ಗಿಂತ ಹಿಂದಿನದು. ಸಂಸ್ಕೃತದಲ್ಲಿ ಮಾವ ಶ್ವಶುರ, ಅತ್ತೆ ಶ್ವಶ್ರೂ. ಲ್ಯಾಟಿನ್‌ನಲ್ಲಿ ಅತ್ತೆ ಸೊಕ್ರುಸ್. ಎಲ್ಲರೂ ಒಂದೇ ಮನೆತನ. ಆದರೆ ಲೆಕ್ಕಕ್ಕೆ ಸಿಗದ ಒಂದು ವ್ಯಂಜನವಿದೆ. ಸಂಸ್ಕೃತದಲ್ಲಿ 'ಶ' ಇರುವ ಕಡೆ ಸ್ಲಾವಿಕ್‌ನಲ್ಲಿ 'ಸ' ಬರುವುದು ನಿಯಮ. ಶತಕ್ಕೆ ಅಲ್ಲಿ 'ಸುತೊ', ದಶಕ್ಕೆ 'ದೆಸೆಂತಿ'. ಅದರಂತೆ ಅತ್ತೆ 'ಸ್ವೆಸ್ರಿ' ಆಗಬೇಕಿತ್ತು, ಆಗಲಿಲ್ಲ. ನಡುವಿನ 'ಕ' ಜಪ್ಪಯ್ಯ ಎಂದರೂ ಜಾಗ ಬಿಟ್ಟಿಲ್ಲ. ಎರಡು ಸಕಾರ ಹತ್ತಿರ ಹತ್ತಿರ ಬರುವುದನ್ನು ತಪ್ಪಿಸಲು ಹಾಗಾಯಿತು ಎಂದು ಕೆಲವರು, ಬೇರೆ ಕಾರಣ ಹೇಳುವವರು ಕೆಲವರು. ಜಗಳ ಇನ್ನೂ ಮುಗಿದಿಲ್ಲ.

"ಅತ್ತೆ ಅಂದ ಮೇಲೆ ಸ್ವಲ್ಪ ಹಠ ಇರ್ಲಿ ಬಿಡು," ಎಂದರು ಅತ್ತೆ.

ಇನ್ನೊಂದು ದಿನ ವಿಭಕ್ತಿಗಳನ್ನು ಹೇಳಿದೆ. ಸಂಸ್ಕೃತ ಕಲಿಸುವಾಗ ಊಕಾರಾಂತ ಸ್ತ್ರೀಲಿಂಗಕ್ಕೆ 'ವಧೂ' ಶಬ್ದವನ್ನು ಬಾಯಿಪಾಠ ಮಾಡಿಸುತ್ತಾರೆ, ಶ್ವಶ್ರೂ ಕೂಡ ಅದೇ ಅಚ್ಚಿನಲ್ಲಿ ನಡೆಯುತ್ತದೆ. ಅಂದರೆ ಅತ್ತೆ ಹೇಗೆ ನಡೆಯಬೇಕೆಂದು ಮದುವಣಗಿತ್ತಿಯನ್ನು ನೋಡಿ ಕಲಿಯಬೇಕು. "ಅದೂ ಸರಿಯೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ನಕ್ಕರು.

ಸ್ಲಾವಿಕ್ ಅತ್ತೆ ತಾನೇ ಏನಾದರೂ ಮಾಡುವಾಗ, ಕರ್ತೃವಾಗಿದ್ದಾಗ, ಸ್ವೆಕ್ರಿ. ಬೇರೆ ವಿಭಕ್ತಿಗೆ ಹೋದ ಕೂಡಲೇ ಕೊನೆಯ ಸ್ವರ ಒಡೆದು ವಕಾರ ಹುಟ್ಟುತ್ತದೆ, ನಮ್ಮ 'ಗುರು' 'ಗುರುವಿಗೆ' ಆದ ಹಾಗೆ. ಅತ್ತೆಯ ಎನ್ನಲು ಹೆಚ್ಚುಕಡಿಮೆ 'ಸ್ವೆಕ್ರುವೆ', ಅತ್ತೆಯನ್ನು ಎನ್ನಲು 'ಸ್ವೆಕ್ರುವಿ'. ಕಾಲ ಕಳೆದಂತೆ ರಷ್ಯನ್‌ನಲ್ಲಿ ಕರ್ತೃರೂಪ ಸವೆದು ಮರೆಯಾಯಿತು, 'ಅತ್ತೆಯನ್ನು' ಎಂಬ ರೂಪವೇ ಬಂದು ಅದರ ಜಾಗದಲ್ಲಿ ಕೂತಿತು. ಇವತ್ತಿನ ರಷ್ಯನ್ 'ಸ್ವೆಕ್ರೋವ್' ಹಾಗೆ ಬಂದದ್ದು. ವಕಾರವಿರುವ ರೂಪಗಳು ಹಲವು, ಇಲ್ಲದ್ದು ಒಂದೇ, ಬಹುಮತ ಗೆದ್ದಿತು. ವ್ಯಾಕರಣದಲ್ಲಿ ಇದು ದಿನನಿತ್ಯದ ಸಂಗತಿ. ಆದರೆ ಅದನ್ನು ಬರೆಯುವಾಗ ನನಗೆ ಬೇಸರವಾಗುತ್ತಿತ್ತು. ನನ್ನ ಗಂಡ ಹೋದಂದಿನಿಂದ ನಮ್ಮ ಮನೆಯ ಫೋನಿನಲ್ಲೂ ಅದೇ ಆಗಿತ್ತು. ಅಮ್ಮನನ್ನು ಕಳಿಸು, ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ, ಅಮ್ಮನನ್ನು ಯಾರು ನೋಡಿಕೊಳ್ಳುವುದು. ಅಮ್ಮ ಏನು ಅಂತಾರೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಸೇರಿದಂತೆ.

ಕೇಳುವ ಬದಲು ನಾನು ನನಗೆ ಗೊತ್ತಿದ್ದ ಕಸುಬು ಮಾಡಿದೆ, ಪುರಾವೆ ಕೂಡಿಸತೊಡಗಿದೆ. ಬಾಲ್ಕನಿಯಲ್ಲಿ ಅವರು ಮಗುವಿನಂತೆ ಸಾಕಿದ್ದ ಕರಿಬೇವಿನ ಕುಂಡ ಒಂದು ದಿನ ಇರಲಿಲ್ಲ. ಕೇಳಿದರೆ, "ಕೆಳಗಿನ ತಮಿಳು ಹೆಂಗಸಿಗೆ ಕೊಟ್ಟೆ," ಎಂದರು. ಆಮೇಲೆ ಬೀರುವಿನಿಂದ ರೇಷ್ಮೆ ಸೀರೆಗಳನ್ನೆಲ್ಲ ತೆಗೆದು ಗಾಳಿಗೆ ಹಾಕಿ, ಮಡಿಸಿ, ತಮ್ಮ ದೊಡ್ಡ ಸೂಟ್‌ಕೇಸಿನಲ್ಲಿ ಜೋಡಿಸಿದರು. ಅದಾದ ಮೇಲೆ ಅಡುಗೆ. ಇಷ್ಟು ವರ್ಷ ಒಲೆಯ ಹತ್ತಿರ ನನ್ನನ್ನು ಬಿಟ್ಟುಕೊಳ್ಳದವರು ಈಗ ಕೈಹಿಡಿದು ನಿಲ್ಲಿಸಿ, "ನೋಡಿಕೊ, ಕೊದ್ದೆಲಿಗೆ ಮಸಾಲೆ ಹುರಿಯುದು ಹೀಗೆ. ನೀನೇ ಹುರಿ," ಎನ್ನತೊಡಗಿದರು. ಕೊದ್ದೆಲ್ ಎಂದರೆ ಅವರ ಕಡೆಯ ಹುಳಿ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಅತ್ತೆ ಹೊರಟಿದ್ದಾರೆ, ಹೇಳಲು ಸಂಕೋಚಪಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ನಕ್ಷತ್ರ ಹಾಕುವುದನ್ನು ಮಾತ್ರ ಮರೆತೆ.

ತೀರ್ಮಾನಿಸಿದ ಮೇಲೆ ದುಃಖ ಬರಬೇಕಿತ್ತು, ನನಗೆ ಕೋಪ ಬಂತು. ನನ್ನ ಸ್ವಭಾವವೇ ಹಾಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ. ಹಾಗಾಗಿ ಪಾತ್ರೆಗಳ ಮೇಲೆ ಹೋಯಿತು. ಒಂದು ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದ ಅವರ ಬೆನ್ನಿಗೆ ಹೇಳಿದೆ.

"ಟಿಕೆಟ್ ಯಾವಾಗ ಮಾಡಿಸ್ಲಿ?"

"ಯಾರಿಗೆ?"

"ಇನ್ಯಾರಿಗೆ, ನಿಮಗೆ. ಭಾವ ಕಾಯ್ತಿದಾರೆ."

ಸೌಟು ಹಿಟ್ಟಿನಲ್ಲಿ ನಿಂತಿತು. ಕಾವಲಿಯ ಮೇಲಿದ್ದ ದೋಸೆ ಸೀದ ವಾಸನೆ ಬಂತು. ಆಮೇಲೆ, "ಆಯ್ತು. ನಿಂಗೆ ಯಾವಾಗ ಅನುಕೂಲವೋ ಆಗ ಮಾಡ್ಸು," ಎಂದು ಒಲೆ ಆರಿಸಿ ಕೋಣೆಗೆ ಹೋದರು. ಅವರು ದೋಸೆ ತಿನ್ನಲಿಲ್ಲ, ನಾನೂ ತಿನ್ನಲಿಲ್ಲ. ಅಂದುಕೊಂಡದ್ದು ಸರಿಯಾಯಿತು ಎಂಬ ಕೆಟ್ಟ ಸಮಾಧಾನವನ್ನು ಹೊತ್ತುಕೊಂಡು ಕೆಲಸಕ್ಕೆ ಹೋದೆ.

ಸಂಜೆ ಕಾರು ನಿಲ್ಲಿಸಿ ಬರುವಾಗ ಕೆಳಮನೆಯ ತಮಿಳು ಹೆಂಗಸು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಳು. ನನ್ನನ್ನು ನೋಡಿ, "ಅಕ್ಕಾ, ನಿಮ್ಮ ಪ್ಲಾಂಟ್ ಇಪ್ಪೋ ಓಕೆ ಲಾ. ವೈಟ್ ಪೂಚಿ ಎಲ್ಲಾಂ ಪೋಚ್ಚು," ಎಂದಳು. ಬಿಳಿ ಹುಳ ಎಲ್ಲ ಹೋಯಿತಂತೆ. ಕರಿಬೇವಿಗೆ ಹುಳ ಹತ್ತಿತ್ತೆಂದೇ ನನಗೆ ಗೊತ್ತಿರಲಿಲ್ಲ. ಅತ್ತೆ ದಿನವೂ ಇಳಿದು ಬಂದು ಎಲೆ ಎಲೆಯನ್ನೂ ಒರೆಸಿ ಹೋಗುತ್ತಿದ್ದರಂತೆ. ದೀಪಾವಳಿಗೆ ಮುಂಚೆ ಕುಂಡವನ್ನು ಮತ್ತೆ ಮೇಲಕ್ಕೆ ಒಯ್ಯುತ್ತೇನೆ, ಅಲ್ಲಿಯ ತನಕ ನೋಡಿಕೊ ಎಂದಿದ್ದರಂತೆ. ಅತ್ತೆಯ ವೀಸಾ ಮುಗಿಯುವುದು ದೀಪಾವಳಿಗೆ ಬಹಳ ಮೊದಲೇ. ಊರಿಗೆ ಹೊರಟವರು ದೀಪಾವಳಿಗೆ ಇಲ್ಲಿ ಕುಂಡ ಹೊರುವುದುಂಟೇ?

ಲಿಫ್ಟಿನಲ್ಲಿ ನಿಂತು ನನ್ನನ್ನು ನಾನೇ ಬೈದುಕೊಂಡೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ನಾನು ಮಾಡುವ ಮೊದಲ ಪಾಠ ಮಲಯದ 'ದುವಾ' ಎಂಬ ಪದದ್ದು. ದುವಾ ಎಂದರೆ ಎರಡು, ಸಂಸ್ಕೃತದಲ್ಲಿ ದ್ವಿ. ಸದ್ದು ಒಂದೇ ತರಹ, ಅರ್ಥ ಒಂದೇ, ಸಂಬಂಧ ಮಾತ್ರ ಕೂದಲೆಳೆಯಷ್ಟೂ ಇಲ್ಲ. ಎರಡೂ ಬೇರೆ ಬೇರೆ ಬೇರಿನಿಂದ ಬಂದು ಅಕಸ್ಮಾತ್ ಒಂದೇ ಮುಖ ಹೊತ್ತಿವೆ. ಗಂಡನಿಗೆ ಮಲಯದಲ್ಲಿ 'ಸುಆಮಿ' ಎನ್ನುತ್ತಾರೆ, ಅದು ನಿಜವಾಗಿ ನಮ್ಮ ಸ್ವಾಮಿಯೇ. ಯಾವುದು ನಂಟು, ಯಾವುದು ಅಕಸ್ಮಾತ್ ಎಂದು ನೋಡಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ, ದುಡುಕಬೇಡಿ ಎಂದು ಬೋರ್ಡಿನ ಮುಂದೆ ನಿಂತು ಉಪದೇಶ ಮಾಡುವವಳು ನಾನು.

ಅತ್ತೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಬಲಗೈ ಮಣಿಗಂಟಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿದ್ದರು. ನಾನು ಬ್ಯಾಗನ್ನೂ ಇಳಿಸದೆ ಕೇಳಿದೆ.

"ಸೀರೆ ಯಾಕೆ ಸೂಟ್‌ಕೇಸಿಗೆ ಹಾಕಿದ್ರಿ?"

"ಬೀರುವಿನಲ್ಲಿ ಬೂಷ್ಟು ಹಿಡಿತಾ ಉಂಟು. ಈ ಊರಿನ ಸೆಕೆ ನಿಂಗೆ ಗೊತ್ತಿಲ್ವಾ?"

"ಮಸಾಲೆ ಹುರಿಯೋದು ಯಾಕೆ ಕಲಿಸಿದ್ರಿ?"

ಅವರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬಾಣಲೆ ಎತ್ತಲಿಕ್ಕೆ ಆಗುದಿಲ್ಲ. ಗಂಟು ನೋಯ್ತದೆ."

"ಹೇಳಬಾರದಿತ್ತಾ ನನಗೆ?"

"ಹೇಳಿದ್ರೆ, ಮುದುಕಿಗೆ ಇನ್ನು ಕೈಲಾಗುದಿಲ್ಲ, ಕಳಿಸುವ ಅಂತ ನೀನು ಹೇಳ್ತಿ ಅಂತ ಹೆದರಿಕೆ. ನೀನು ಅವನ ಕೋಣೆ ಖಾಲಿ ಮಾಡ್ಲಿಕ್ಕೆ ಶುರು ಮಾಡಿದ್ದಿ. ನನ್ನ ಪಾಸ್‌ಪೋರ್ಟ್ ಕೇಳಿ ತೆಕ್ಕೊಂಡಿ. ನಂಗೇನು ಅರ್ಥ ಆಗುದಿಲ್ವಾ?"

ನನ್ನ ಗಂಡನ ಓದುವ ಕೋಣೆ ಖಾಲಿ ಮಾಡಿದ್ದು ಅತ್ತೆಗಾಗಿ. ಅದಕ್ಕೆ ಬಚ್ಚಲು ಹತ್ತಿರ, ಗಾಳಿ ಹೆಚ್ಚು. ಪಾಸ್‌ಪೋರ್ಟ್ ತೆಗೆದುಕೊಂಡದ್ದು, ಎಲ್ಲಾದರೂ ಅವರು ಇರುತ್ತೇನೆ ಎಂದರೆ ಅರ್ಜಿ ಹಾಕಲು ತಡವಾಗದಿರಲಿ ಎಂದು. ಇಬ್ಬರೂ ಒಬ್ಬರ ಬೆನ್ನು ಒಬ್ಬರು ನೋಡಿ ಪಂಚಾಂಗ ಬರೆದಿದ್ದೆವು. ನಗು ಬರಬೇಕಿತ್ತು, ಅಳು ಬಂತು. ಮಂಚದ ತುದಿಯಲ್ಲಿ ಕೂತು, ನಮ್ಮ ಮನೆಗಳಲ್ಲಿ ಸೊಸೆ ಅತ್ತೆಗೆ ಬಾಯಿಬಿಟ್ಟು ಹೇಳದ ಮಾತನ್ನು ಹೇಳಿದೆ.

"ನನಗೆ ನೀವು ಬೇಕು. ನೀವು ಹೋದರೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ?"

ಅವರು ಮಣಿಗಂಟಿನ ಬಟ್ಟೆಯನ್ನು ಬಿಗಿ ಮಾಡಿಕೊಂಡರು. "ಅವನಿದ್ದಾಗ ಮಾತ್ರ ಎಂತ?" ಎಂದರು. "ಬೆಳಿಗ್ಗೆ ಹೋದರೆ ಕತ್ತಲೆಗೆ ಬರ್ತಿದ್ದ. ಇಡೀ ದಿವಸ ನಿನ್ನ ಬೆಕ್ಕಿನ ಭಾಷೆ ಕೇಳಿದ್ದು ನಾನಲ್ವಾ?"

"ಹಾಗಾದ್ರೆ ಇರ್ತೀರಾ?"

"ನೋಡುವ. ದೊಡ್ಡವ ಬೇಜಾರು ಮಾಡ್ತಾನೆ."

ಕರಾವಳಿಯವರ 'ನೋಡುವ' ಎಂಬ ಮಾತಿಗೆ ಯಾವ ನಿಘಂಟಿನಲ್ಲೂ ಅರ್ಥ ಸಿಗುವುದಿಲ್ಲ. ಹೌದು ಎಂದೂ ಆಗಬಹುದು, ಇಲ್ಲ ಎಂದೂ ಆಗಬಹುದು, ಊಟಕ್ಕೆ ಹೊತ್ತಾಯಿತು ಎಂದೂ ಆಗಬಹುದು. ಆ ಭಾನುವಾರ ಭಾವನ ಫೋನ್ ಬಂದಾಗ ಅತ್ತೆ ತುಳುವಿನಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರು. ಏನಾಯಿತೆಂದು ಹೇಳಲಿಲ್ಲ. ನಾನು ಅರ್ಜಿ ತುಂಬಿದೆ, ಅವರು ಸಹಿ ಮಾಡಿದರು. ಸಹಿ ಮಾಡಿದರೆಂದರೆ ಒಪ್ಪಿದರೆಂದೇ? ಊಹಿಸುವುದನ್ನು ಬಿಟ್ಟಿದ್ದೆ.

ವೀಸಾ ಕಚೇರಿಯಿರುವ ಪುತ್ರಜಯಾಕ್ಕೆ ಒಂದು ಮಂಗಳವಾರ ಹೋದೆವು. ದೊಡ್ಡ ದೊಡ್ಡ ರಸ್ತೆ, ನಡೆಯುವವರು ಒಬ್ಬರೂ ಇಲ್ಲ. ಅತ್ತೆ ಕಾರಿನ ಕಿಟಕಿಯಿಂದ ನೋಡುತ್ತ, "ಇಷ್ಟು ಅಗಲ ರಸ್ತೆ ಯಾರಿಗೆ ಮಾಡಿದ್ದು?" ಎಂದಷ್ಟೇ ಅಂದರು. ಕಚೇರಿಯಲ್ಲಿ ನಮ್ಮ ಸರದಿ ಬಂದಾಗ ಕೌಂಟರಿನ ಆಚೆ ತಲೆವಸ್ತ್ರ ಹೊದ್ದ ಚಿಕ್ಕ ಪ್ರಾಯದ ಮಲಯ ಅಧಿಕಾರಿ ಇದ್ದಳು. ಕಾಗದಗಳನ್ನು ತಿರುವಿ, ಗಂಡ ತೀರಿಕೊಂಡದ್ದನ್ನು ಓದಿ, ಮೆಲ್ಲಗೆ "ಸಾರಿ ಯಾ, ಪುವಾನ್," ಎಂದಳು, ಪುವಾನ್ ಎಂದರೆ ಮೇಡಂ. ಆಮೇಲೆ ಅವಳ ಕೆಲಸದ ಪ್ರಶ್ನೆ ಬಂತು. ಇಂಡಿಯಾದಲ್ಲಿ ಇವರಿಗೆ ಇನ್ನೊಬ್ಬ ಮಗ ಇದ್ದಾರಲ್ಲ, ಮತ್ತೆ ಇಲ್ಲಿ ಯಾಕೆ?

ನಾನು ಬಾಯಿ ತೆರೆದೆ. ಏನು ಹೇಳಲಿ? ನನ್ನ ಉತ್ತರ ನನಗೆ ಗೊತ್ತಿತ್ತು, ಅವರದು ಗೊತ್ತಿರಲಿಲ್ಲ. ನನ್ನ ತಡವರಿಕೆ ನೋಡಿ ಆ ಹುಡುಗಿ ತಾನೇ ದಾರಿ ಮಾಡಿಕೊಟ್ಟಳು. ಅತ್ತೆಯ ಕಡೆ ಬಾಗಿ, ನಗುತ್ತ, "ಆಂಟಿ, ಶೀ ಈಸ್ ಲೈಕ್ ಯುವರ್ ಓನ್ ಡಾಟರ್ ಲಾ, ಯಾ?" ಎಂದಳು.

ಹೌದೆಂದರೆ ಮುಗಿಯುತ್ತಿತ್ತು. ಅತ್ತೆ ಮುಖ ಗಂಟಿಕ್ಕಿದರು.

"ನೋ. ನಾಟ್ ಡಾಟರ್," ಎಂದರು ಗಟ್ಟಿಯಾಗಿ. ಪಕ್ಕದ ಕೌಂಟರಿನವರೂ ತಿರುಗಿ ನೋಡಿದರು. ಅತ್ತೆ ನನ್ನ ಕಡೆ ತಿರುಗಿ, "ಅವಳಿಗೆ ಸರಿಯಾಗಿ ಹೇಳು ನೀನು. ಮಗಳಾದರೆ ಒಂದು ದಿವಸ ಧಾರೆ ಎರೆದು ಬೇರೆಯವರ ಮನೆಗೆ ಕಳಿಸಿ ಕೊಡ್ಬೇಕು. ನೀನು ಸೊಸೆ. ಸೊಸೆಯನ್ನು ಯಾರೂ ಕಳಿಸಿ ಕೊಡುದಿಲ್ಲ, ಬಿಟ್ಟೂ ಹೋಗುದಿಲ್ಲ. ದೊಡ್ಡವನಿಗೂ ಅದೇ ಹೇಳಿದ್ದೇನೆ," ಎಂದರು.

ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟೆ. 'ಶೀ ಸೇಯ್ಸ್' ಎಂದು ಅಲ್ಲಿಗೇ ನಿಂತುಬಿಟ್ಟೆ. ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದಳು. ಅತ್ತೆ ನನ್ನನ್ನು ಒಮ್ಮೆ ನೋಡಿ, ಇವಳಿಂದ ಆಗುವ ಕೆಲಸವಲ್ಲ ಎಂದುಕೊಂಡವರಂತೆ ಕೌಂಟರಿನ ಮೇಲೆ ಎರಡೂ ಕೈ ಊರಿ ತಾವೇ ಹೇಳಿದರು.

"ಐ ಸ್ಟೇ."